ಹೊಟ್ಟಿ ತಣ್ಣಗಿರ್ಲಿ

ನಲವತ್ತು ಹಾಳಿಯ ನೋಟಬುಕ್ಕು ಕೊಟ್ರು ವಾರ್ಡನ್ ಮೇಡಮ್,
ಮಲಗೂಕಿಂತ ಮೊದಲ ಮೂರು ಸಾಲು ಬರೀರಿ ಅಂದ್ರು:
ಇವತ್ತು ಯಾರ್‍ಯಾರಿಗೆ ಧನ್ಯವಾದ.
ನಿದ್ದಿ ಬರತೈತಿ, ಅಂದ್ರು. ಮಾರಿಮ್ಯಾಲ ಕಳೆ ಬರತೈತಿ.
ಔಷಧದ ಚೀಟಿ ಓದಿದಂಗ.

ನಾ ಬರದೆ:
ಒಂದು, ತಿರಗದ ಫ್ಯಾನಿಗೆ.
ಎರಡು, ಸೋಲಾಪುರ ರೋಡಿನ ಎದರಗಾಳಿಗೆ.
ಮೂರು, ಫೋಟೊದಾಗ ನಗೂ ರೂಪಾಲಿ ರಾಠೋಡಗ,
ಅಕಿ ಮುಂದಿನ ಗಾಲಿ ನನಗಿಂತ ಒಂದು ಗೇಣು ಮೊದಲ
ಗೆರಿ ಮುಟ್ಟಿತ್ತು.

ಮೇಡಮ್ ಓದಿ ಏನೂ ಅನ್ನಲಿಲ್ಲ.
ಕೆಂಪು ಪೆನ್ನಿಲೆ 'ತಿರಗದ' ಕೆಳಗ ಒಂದು ಗೆರಿ ಎಳದ್ರು.
ಮರುದಿನ ಎಲೆಕ್ಟ್ರಿಶಿಯನ್ ಬಂದ.

ನಿದ್ದಿ ಮಾತ್ರ ಬರಲಿಲ್ಲ.
ಎದ್ಯಾಗ ಏನೋ ಕಟಕಟ,
ಸಡ್ಲಾದ ಸ್ಪೋಕಿನಂಗ,
ಹಗಲೆಲ್ಲ ಕೇಳಸೂದಿಲ್ಲ, ದೀಪ ಆರಿಸಿದ್ರ ಶುರು.

ಯಾವುದು ಅನ್ನೂದು ನನಗ ಗೊತ್ತಿತ್ತು.
ಜೋರಾಪುರ ಪೇಟ್ಯಾಗ ಲಾಡ್ಲೇಸಾಬರ ಅಂಗಡಿ.
ರೇಸಿನ ಹಿಂದಿನ ರಾತ್ರಿ, ಶಟರ್ ಅರ್ಧ ಇಳಿಸಿ,
ಒಂದೊಂದ ಸ್ಪೋಕು ಬಿಗದು, ಗಾಲಿ ತಿರವಿ, ಕಿವಿಗೊಟ್ಟು ಕೇಳಿ,
ರೊಕ್ಕ ಅಂದ್ರ 'ಗೆದ್ದ ಬಾ, ಆಮ್ಯಾಲ ಕೊಡೀಯಂತ' ಅಂದಿದ್ರು.

ಗೆಲ್ಲಲಿಲ್ಲ.
ಅವತ್ತಿನಿಂದ ಆ ಓಣಿ ಬಿಟ್ಟು
ಒಂದೂವರಿ ಕಿಲೋಮೀಟರ್ ಸುತ್ತ ಹಾಕಿ ಶಾಲಿಗೆ ಹೊಂಟೆ.
ಉಪಕಾರ ಸಾಲ ಆದ್ರ ಎಷ್ಟು ಭಾರ ಅನ್ನೂದು
ಏರಿನಾಗ ಪೆಡಲ್ ತುಳದವ್ರಿಗೆ ಗೊತ್ತು.

ನಮ್ಮವ್ವಗ ಧನ್ಯವಾದ ಅನ್ನೂ ಮಾತ ಬರೂದಿಲ್ಲ.
ಅದು ಮೈಕ್ ಹಿಡದವ್ರ ಮಾತು, ಕಡೀಕ, ಮಂದಿ ಏಳೂ ಹೊತ್ತಿಗೆ.
ಬಾಜೂಮನಿಯಾಕಿ ಒಂದು ವಾಟಿ ಮಜ್ಜಿಗಿ ಕೊಟ್ರ ಅಕಿ ಅನ್ನೂದು
'ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ.'
ಹಂಗ ಅಂದು, ತನ್ನ ಹೊಟ್ಟಿಮ್ಯಾಲ ತಾನ ಕೈ ಆಡಸ್ತಾಳ, ಯಾಕೋ.

ಶನಿವಾರ ಮುಂಜಾನೆ ಹೋದೆ.
ನನ್ನ ಮಾರಿ ನೋಡಲಿಲ್ಲ ಅವ್ರು, ಗಾಲಿ ನೋಡಿದ್ರು ಮೊದಲ.
'ಒಲೀತೈತೇನು ಈಗ?'
ಇಲ್ಲ ಅಂದೆ.
'ನಾ ಗೆಲ್ಲಲಿಲ್ಲ ಕಾಕಾ' ಅಂದೆ.
'ಯಾವುದು?' ಅಂದ್ರು.

ಬಾಯಿಗೆ ಬಂದದ್ದು ಅವ್ವನ ಮಾತು.
ಹದಿನೈದರ ಪೋರಿ ಅರವತ್ತರ ಮುದುಕಗ ಅನ್ನೂದಾ!
'ನಿಮ್ಮ ಹೊಟ್ಟಿ ತಣ್ಣಗಿರ್ಲಿ.'
ಗ್ರೀಸ್ ಕೈಲೆ ಗಡ್ಡ ತುರಿಸಿ, ಕೆಮ್ಮು ಬರೂತನಕ ನಕ್ರು ಲಾಡ್ಲೇಸಾಬ್ರು.
'ಸುಡುಸುಡು ಚಾ ಐತಿ, ಕುಡದ ಹೋಗು' ಅಂದ್ರು.

ರಾತ್ರಿ ಒಂದ ಸಾಲು ಬರದೆ. ಇನ್ನೆರಡು ಖಾಲಿ.
ಫ್ಯಾನು ತಿರಗತಿತ್ತು.
ಅದರ ಸುತ್ತು ಎಣಸೂನು ಅಂತ ಕಣ್ಣ ಮುಚ್ಚಿದೆ,
ಎಷ್ಟರ ತನಕ ಎಣಿಸಿದ್ನಿ, ನೆನಪಿಲ್ಲ.