ಮೊದಲು ಒಂದೇ ಕೋಣೆ

ಮೊದಲು ಒಂದೇ ಕೋಣೆ, ಅಂದಳು ಡಾಕ್ಟರು ತೇಓನಾ
ಮರಿಯ ಕಿವಿಯೊಳಗೆ ಹತ್ತಿ ತಿರುವುತ್ತ.
ಇಡೀ ಮನೆ ತೋರಿಸಬೇಡಿ, ಹೆದರುತ್ತದೆ.
ಇಡೀ ಮನೆ ಎಂದರೆ ನಮ್ಮದು ಎರಡೂವರೆ ಕೋಣೆ,
ತ್ಬಿಲಿಸಿಯ ಅಂಚಿನಲ್ಲಿ, ಒಂಬತ್ತನೇ ಮಹಡಿ,
ಕಾಸು ನುಂಗದೆ ಮೇಲೇರದ ಲಿಫ್ಟು.
ನಾನು ನಕ್ಕೆ.
ಗೋಚಾ ನಗಲಿಲ್ಲ.

ರಟ್ಟಿನ ಪೆಟ್ಟಿಗೆ ಎದೆಗವಚಿ ನಿಂತಿದ್ದ ಲಿಫ್ಟಿನಲ್ಲಿ.
ಒಳಗಿಂದ ಉಗುರು ಕೆರೆವ ಸದ್ದು.
ನಾಲ್ಕನೇ ಮಹಡಿಯಲ್ಲಿ ಝುಝುನಾ ಹತ್ತಿದಳು, ಬಿಟ್ಟಿ ಸಲಹೆ ಸಮೇತ:
ಹಾಲು ಕೊಡಿ, ಕನ್ನಡಿ ತೋರಿಸಿ,
ನಾಳೆಗೆ ಹಳೇ ಮನೆ ಮರೆತಿರುತ್ತದೆ.
'ಟೈರಿನೊಳಗಿತ್ತು, ಗ್ಯಾರೇಜಿನ ಹಿಂದೆ' ಅಂದ ಗೋಚಾ,
ಆಮೇಲೆ, ಬಾಗಿಲು ತೆರೆದ ಮೇಲೆ,
'ಮರೆಯುವುದಿಲ್ಲ.'

ಒಂದೇ ಕೋಣೆ ಎಂದರೆ ಬಚ್ಚಲು.
ಒಗೆಯುವ ಯಂತ್ರದ ಹಿಂದೆ ನಾಲ್ಕು ಬೆರಳಿನ ಸಂದು;
ಎರಡು ದಿನ ನಮ್ಮ ಮರಿ ಎಂದರೆ
ಆ ಸಂದಿನ ಕತ್ತಲಲ್ಲಿ ಎರಡು ಹಸಿರು ಚುಕ್ಕೆ.
ಮುಖ ತೊಳೆದದ್ದು ಅಡುಗೆಮನೆಯ ನಲ್ಲಿಯಲ್ಲಿ,
ಸ್ನಾನ ಝುಝುನಾಳ ಮನೆಯಲ್ಲಿ, ಉಪದೇಶ ಉಚಿತ.
ಮೀನಿನ ಚೂರು ಹಿಡಿದು ಮಂಡಿಯೂರಿದೆ ನಾನು,
ಪಿಸೋ, ಪಿಸೋ, ಬಾರೋ ಹೊರಗೆ, ನೋಡೋಣ ಮುಖ —
ಗೋಚಾ ಮೊಣಕೈ ಹಿಡಿದು ಎಬ್ಬಿಸಿದ.
'ಇಣುಕಬೇಡ.
ಇಣುಕುವವರು ಬಹಳ ಜನ ಇದ್ದರು.'
ಇದ್ದರು, ಅಂದ.

ಸುಖುಮಿ ಬಿಟ್ಟಾಗ ಅವನಿಗೆ ಒಂಬತ್ತು ವರ್ಷ.
ಪ್ರವಾಸಿಗಳಿಗೆಂದು ಕಟ್ಟಿದ ಹೋಟೆಲಿನ ಏಳನೇ ಮಹಡಿ,
ಒಂದು ಕೋಣೆ, ಆರು ಜನ, ಹನ್ನೊಂದು ವರ್ಷ.
ಬಾಲ್ಕನಿಯಲ್ಲಿ ಒಲೆ,
ಸ್ನಾನದ ತೊಟ್ಟಿಯಲ್ಲಿ ಅಜ್ಜನ ಹಾಸಿಗೆ.
ಇಷ್ಟು ಅತ್ತೆ ಹೇಳಿದ್ದು.
ಅವನು ಹೇಳುವುದು ಅಲ್ಲಿಯ ಲಿಫ್ಟಿನ ಜೋಕು ಮಾತ್ರ.
ಬೆಕ್ಕು ಬಿಡಾರ ಬದಲಿಸಿದ ಹಾಗೆ, ಅನ್ನುತ್ತಾರಲ್ಲ,
ಮರಿಯನ್ನು ಕೇಳಿದವರುಂಟೇ,
ಕತ್ತು ಕಚ್ಚಿಸಿಕೊಂಡು ತೂಗಾಡುವಾಗ?

ಒಂದು ಮೂಲೆಗೆ ಮರಳಿನ ತಟ್ಟೆ,
ಎದುರು ಮೂಲೆಗೆ ಊಟ. ಎರಡನ್ನೂ ಹತ್ತಿರ ಇಡಬೇಡ,
ಯಾರು ತಾನೇ ಇಷ್ಟಪಡುತ್ತಾರೆ, ಅಂದ.
ಒಗೆಯದ ತನ್ನ ಸ್ವೆಟರು ಹಾಸಿದ.
ಆಮೇಲೆ ಸಂದಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು
ಗ್ಯಾಸಿನ ಬಿಲ್ಲು ಓದತೊಡಗಿದ, ಗಟ್ಟಿಯಾಗಿ, ನಿಧಾನ:
ದಿನಾಂಕ, ಯೂನಿಟ್ಟು, ಹಿಂದಿನ ಬಾಕಿ.
ಮೂರನೇ ರಾತ್ರಿ ಬಿಲ್ಲು ಮುಗಿದು
ನನ್ನ ಕೆಮ್ಮಿನ ಔಷಧಿಯ ಚೀಟಿಗೆ ಬಂದಿದ್ದ.
ಬಾಗಿಲ ಬಿರುಕಿನಿಂದ ನೋಡಿದೆ (ಹೌದು, ಇಣುಕಿದೆ):
ಹೊರಬಂತು, ಮೀನು ಮೂಸಿತು, ಸೀನಿತು,
ಒಂದು ಮುಂಗಾಲು ಎತ್ತಿ, ಇಡಲೋ ಬೇಡವೋ,
ಅವನ ಕಾಲುಚೀಲದ ತೂತಿನ ಮೇಲೆ ಇಟ್ಟಿತು.
ಗೋಚಾ ತಿರುಗಲಿಲ್ಲ.
'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂಬ ಸಾಲನ್ನೇ
ಮೂರು ಸಲ ಓದಿದ.

ಎಂಟನೇ ದಿನ ಬಾಗಿಲು ಎರಡು ಬೆರಳು ತೆರೆಯಿತು.
ಅಷ್ಟರಲ್ಲಿ ಎಲ್ಲ ಕಿಟಕಿಗೂ ಬಲೆ ಹೊಡೆದಿದ್ದ,
ಆಕಾಶ ಲೆಕ್ಕದ ಪುಸ್ತಕದ ಹಾಳೆಯಂತೆ ಚೌಕ ಚೌಕ.
ಪಾಪ, ಹೊರಗೇ ಬಿಡುವುದಿಲ್ಲವಾ, ಜೈಲು ಮಾಡಿದಿರಲ್ಲ,
ಅಂದಳು ಝುಝುನಾ.
ಒಂಬತ್ತು ಮಹಡಿ ಕೆಳಗೆ ನೋಡಿ
ಇನ್ನೊಂದು ಮೊಳೆ ಹೊಡೆದ.

ಹೆಸರು ತಾನೇ ತಂದುಕೊಂಡಿತು: ನನ್ನ ತಟ್ಟೆಯಿಂದ
ಒಂದು ಬೆಂದ ಹುರುಳಿಕಾಯಿಯ ಬೀಜ ಕದ್ದು
ಮಂಚದಡಿ ಓಡಿ, ತಿನ್ನದೆ, ಕಾವಲು ಕೂತಿತು. ಲೋಬಿಯೊ.

ಪೆಟ್ಟಿಗೆ ಎಸೆಯುತ್ತೇನೆ ಅಂದಾಗ, ಇರಲಿ, ಅಂದಿದ್ದ.
ಅತ್ತೆಯ ಮನೆಯಲ್ಲೂ ಬಾಗಿಲ ಪಕ್ಕ
ಕಟ್ಟಿಟ್ಟ ಚೀಲವೊಂದು ಇದೆ, ಧೂಳು ಒರೆಸುತ್ತಾರೆ.
ನಾನು ಮತ್ತೆ ಕೇಳಲಿಲ್ಲ.
ಈಗ ಫೆಬ್ರವರಿ. ಪೆಟ್ಟಿಗೆಯಲ್ಲಿ ಈರುಳ್ಳಿ,
ಯಾರು ತುಂಬಿದೆವೋ ನೆನಪಿಲ್ಲ.
ಲೋಬಿಯೊ ಒಗೆಯುವ ಯಂತ್ರದ ಮೇಲೆ,
ಅದು ಗಡಗಡ ನಡುಗುವಾಗಲೂ ನಿದ್ದೆ.
ಭಾನುವಾರ ಅತ್ತೆಯ ಫೋನು: ಹೇಗಿದೆ ಅದು?
'ಮನೆಯೆಲ್ಲ ಓಡಾಡುತ್ತದೆ ಅಮ್ಮ' ಅಂದ ಗೋಚಾ,
'ಆ ಅರ್ಧ ಕೋಣೆಯೂ ಸೇರಿ.'