ಏಳನೇ ಮೆಟ್ಟಿಲು

ಮಗಳ ಹಳೇ ಫೋನು ಈಗ ನನ್ನದು.
ನನ್ನದು ಅಂಗನವಾಡಿಯ ನೀರಿನ ಬಕೆಟ್ಟಿಗೆ ಬಿದ್ದು
ಮೂರು ದಿನ ಅಕ್ಕಿ ಡಬ್ಬದಲ್ಲಿ ಮಲಗಿಯೂ ಏಳಲಿಲ್ಲ.
ಇದರ ಮೂಲೆಯಲ್ಲೊಂದು ಸೀಳು, ಬೆನ್ನಿಗೆ ಅರ್ಧ ಕಿತ್ತ ಚಿಟ್ಟೆ ಸ್ಟಿಕ್ಕರು.
"ಎಲ್ಲಾ ಸರಿಯಾಗಿದೆ, ಸಿಮ್ ಹಾಕ್ಕೋ ಸಾಕು" ಅಂದಳು ಸಿಂಚನ,
ಹೊಸದರಿಂದ ತಲೆಯೆತ್ತದೆ.

ಹುಣಸಿನಕೆರೆಯ ನಮ್ಮ ಬೀದಿಯಲ್ಲಿ ಸಿಮ್ಮಿಗೆ ಒಂದೇ ಕಡ್ಡಿ,
ಅದೂ ಗಾಳಿ ಬೀಸಿದರೆ.
ಇಪ್ಪತ್ತಮೂರು ಮಕ್ಕಳ ತೂಕ, ಎತ್ತರ
ಇವತ್ತು ರಾತ್ರಿಯೊಳಗೆ ಏರಿಸಬೇಕು.
ವೈಫೈ ಮುಟ್ಟಿದೆ. ಸುತ್ತಿತು, ಸುತ್ತಿತು,
ಸಂಪರ್ಕಿಸಲಾಗಲಿಲ್ಲ ಅಂತು.

ಪಾಸ್‌ವರ್ಡು ತಪ್ಪಲು ಸಾಧ್ಯವೇ ಇಲ್ಲ:
ನನ್ನ ತವರು ಹಾರನಹಳ್ಳಿ, ಅವಳು ಹುಟ್ಟಿದ ಇಸವಿ.
ಕನ್ನಡಕ ಒರೆಸಿಕೊಂಡು ಅಕ್ಷರ ಅಕ್ಷರ ಒತ್ತಿದೆ.
ಫೋನು ಆರಿಸಿ ಹಚ್ಚಿದೆ.
ಜನ್ಮದಲ್ಲಿ ಹತ್ತದ ವಿಮಾನದ ಗುರುತು ಮುಟ್ಟಿ, ಬಿಟ್ಟೆ.
'ಮರೆತುಬಿಡು' ಅಂತ ಒಂದಿತ್ತು, ಒತ್ತಿದೆ, ಮರೆಯಿತು.
ಮತ್ತೆ ಪರಿಚಯ ಮಾಡಿಸಿದರೆ ಮತ್ತೆ ಮುಖ ತಿರುಗಿಸಿತು.

ಟೀವಿ ಹಿಂದೆ ರೂಟರು, ಹಣೆಯಲ್ಲಿ
ಹೋದ ವರ್ಷದ ಆಯುಧಪೂಜೆಯ ಕುಂಕುಮ.
ವೈರು ಕಿತ್ತು ನೂರು ಎಣಿಸಬೇಕಂತೆ;
ಎಪ್ಪತ್ತಕ್ಕೇ ತಾಳ್ಮೆ ಮುಗಿದು ಚುಚ್ಚಿದೆ.
ಟೀವಿಗೆ ಬಂತು. ಸಿಂಚನಳಿಗೆ ಬಂತು.
ಊಟಕ್ಕೆಂದು ಬಂದ ತಮ್ಮ ಪರಮೇಶನಿಗೂ ಬಂತು.
ಪಂಕ್ತಿಯಲ್ಲಿ ಒಬ್ಬಳ ಎಲೆ ಬಿಟ್ಟು ಬಡಿಸಿದ ಹಾಗೆ
ನನಗೊಬ್ಬಳಿಗೆ ಇಲ್ಲ.

ರೇಗಿಕೊಂಡು ತಾರಸಿಗೆ ಹೊರಟೆ, ಒಣಹಾಕಿದ ಮೆಣಸಿನಕಾಯಿ ತರಲು.
ಏಳನೇ ಮೆಟ್ಟಿಲಲ್ಲಿ
ಟಣ್.
ಟಣ್ ಟಣ್ ಟಣ್. ಸೂಪರ್‌ವೈಸರ್ ಮೇಡಂ ಬೈಗುಳ ಐದು,
ಚಿಕ್ಕಮ್ಮನ ಶುಭೋದಯ ಆರು.
ಬೀಸಣಿಗೆ ಗುರುತು ತುಂಬಾ ಬಿಚ್ಚಿಕೊಂಡಿದೆ, ಹೆಸರು: ಜಬೀನ್ ಮನೆ.

ನಾನು ಕೇಳಿಲ್ಲ. ನಾನು ಏನೂ ಒತ್ತಿಲ್ಲ.
ಸಂಜೆ ಹಸು ತಾನೇ ಕೊಟ್ಟಿಗೆ ಹುಡುಕಿದಂತೆ
ಹೋಗಿ ನಿಂತಿದೆ.
ಆರನೇ ಮೆಟ್ಟಿಲಿಗಿಳಿದೆ, ಹೋಯಿತು.
ಎಂಟಕ್ಕೆ ಹತ್ತಿದೆ, ಹೋಯಿತು.
ಏಳರಲ್ಲಿ ಕೂತೆ.
ಪಕ್ಕದ ಗೋಡೆಯಲ್ಲಿ ಪೆನ್ಸಿಲಿನ ಸೈನ್ ಥೀಟಾ, ಕಾಸ್ ಥೀಟಾ,
ತಲೆಯೆಣ್ಣೆಯ ಒಂದು ದುಂಡು ಕಲೆ.

ಇಡೀ ಮಾರ್ಚಿ ಇಲ್ಲೇ ಕೂತು ಓದಿದವಳು!
"ಒಳಗೆ ಸೆಕೆ ಅಮ್ಮ" ಅಂದಿದ್ದಳು.
ನಮ್ಮ ಹುಡುಗಿ ಬೀದಿದೀಪದಲ್ಲಿ ಓದ್ತಾಳೆ ಅಂತ
ಹಾಲಿನ ಬೂತಿನವರೆಗೂ ಸಾರಿಕೊಂಡು ಬಂದಿದ್ದೆ.
ಜಬೀನಳಿಗೂ ಹೇಳಿದ್ದೆ.
ಅವಳು ದುಪಟ್ಟ ಬಾಯಿಗಿಟ್ಟು ಕೆಮ್ಮಿದ್ದಳು.

ಇಪ್ಪತ್ತಮೂರು ಮಕ್ಕಳನ್ನೂ
ಆ ಮೆಟ್ಟಿಲ ಮೇಲಿಂದಲೇ ಕಳಿಸಿದೆ, ಒಬ್ಬೊಬ್ಬರನ್ನೇ,
ಒಂಬತ್ತು ಕಿಲೋದ ಪ್ರಣತಿಯಿಂದ ಶುರುಮಾಡಿ.
ಮೆಣಸಿನಕಾಯಿ ಇಬ್ಬನಿಗೆ ಮೆತ್ತಗಾಯಿತು.

ಭಾನುವಾರ ಕೇಬಲ್ಲಿನ ಲೋಹಿತ ಬಂದ.
ಎಂಥದೋ ಪಟ್ಟಿ ತೆರೆದ, ಬೆರಳು ಇಳಿಸಿದ, ನಿಲ್ಲಿಸಿದ.
"ಅಕ್ಕಾ, ಇದನ್ನ ಬ್ಲಾಕ್ ಮಾಡಿದೆ. ಫೆಬ್ರವರಿ ಮೂರು.
ನೀವೇ ಹೇಳಿದ್ರಲ್ಲ, ಕಾಫಿ ಕೊಟ್ಟು,
ಪರೀಕ್ಷೆ ಮುಗಿಯೋವರೆಗೆ ಅಂತ."

ಹೌದು. ಎರಡು ಕೋಡುಬಳೆಯನ್ನೂ ಕೊಟ್ಟಿದ್ದೆ.
ಪರೀಕ್ಷೆ ಮುಗಿದು, ಗಣಿತಕ್ಕೆ ಎಂಬತ್ತೊಂದು ಬಂದು,
ಕಾಲೇಜೂ ಸೇರಿಯಾಯಿತು.
ತೆಗೆಸು ಅಂತ ಅವಳು ಒಂದು ದಿನ ಕೇಳಲಿಲ್ಲ,
ಯಾಕೆ ಕೇಳಲಿಲ್ಲ ಅಂತ ನಾನೂ ಯೋಚಿಸಲಿಲ್ಲ.
ನಾನೇ ಜಡಿದ ಚಿಲಕ;
ಹೊರಗೆ ನಿಂತು ಬಡಿದವಳೂ ನಾನೇ.

"ತೆಗೀಲಾ?"
ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು.
"ತೆಗಿ" ಅಂದೆ.
ಲೋಟದ ಸದ್ದು ಮತ್ತೆ ಶುರುವಾಯಿತು, ಸ್ವಲ್ಪ ಜೋರಾಗೇ.

ಸಂಜೆ ಕೋಡುಬಳೆ ಸುತ್ತಿದೆ, ಕೈತುಂಬ ಖಾರ ಹಾಕಿ.
ಒಂದು ಸ್ಟೀಲ್ ಡಬ್ಬ ತುಂಬಿಕೊಂಡು ಕಾಂಪೌಂಡಿನಾಚೆ ಹೋದೆ.
"ಏನು ವಿಶೇಷ ಅಕ್ಕಾ?" ಅಂದಳು ಜಬೀನ್.
ಏನೂ ಇಲ್ಲ ಮಾರಾಯ್ತಿ,
ಒಳಗೆ ಸೆಕೆ.