ವ್ಯವಸಾಯ ಕರ

ಜತ್ತ ಪಂಚಾಯತ ಸಮಿತಿಯಲ್ಲಿ
ಪಗಾರ ಬಿಲ್ಲಿನ ಕುರ್ಚಿ ನನ್ನದು.
ಕೀಲಿಮಣೆ ಮರಾಠಿ, ಬೈಗುಳ ಕನ್ನಡ,
ಎಣಿಕೆ ಮಾತ್ರ ಎರಡೂ ಕೂಡಿ:
ಹತ್ತರ ತನಕ ಅವ್ವನ ಮಾತು, ಮುಂದಿನದು ಸಾಲಿಯದು.

ಚೀಟಿಯ ಮೇಲೆ ‘ವ್ಯವಸಾಯ ಕರ’ ಎಂದು ಓದಿ
ಸಂಖದ ಹೊಸ ಮಾಸ್ತರ ಒಮ್ಮೆ ಜಗಳಕ್ಕೇ ಬಂದಿದ್ದ.
“ಹೊಲಾ ಮಾರಿ ಆರು ವರ್ಷ ಆತ್ರೀ,
ಯಾವ ವ್ಯವಸಾಯ? ಎಲ್ಲಿ ಬಿತ್ತೀನಿ?”
ಅದು ನೌಕರಿಯ ಮೇಲಿನ ತೆರಿಗೆ, ಮುಂಬೈಗೆ ಹೋಗುವುದು,
ನೇಗಿಲಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ.
ತಿಳಿಯಿತು ಅಂದ. ಹೊಸ್ತಿಲಲ್ಲಿ ತಿರುಗಿ ನಿಂತ:
“ಮಳಿ ಆಗಲಿಲ್ಲಂದ್ರ ಬಿಡತಾರೇನು?”

ತಿಂಗಳಿಗೆ ಇನ್ನೂರು, ಹನ್ನೊಂದು ಸಲ.
ಫೆಬ್ರವರಿಗೆ ಮುನ್ನೂರು.
ಇಪ್ಪತ್ತೆಂಟೇ ದಿನದ ಗಿಡ್ಡ ತಿಂಗಳು
ಎಲ್ಲಕ್ಕಿಂತ ಉದ್ದ ಕೈ ಚಾಚುತ್ತದೆ.
ದಿಲ್ಲಿಯ ಆಯಕರವೂ ಆಗಲೇ
ವರ್ಷದ ಬಾಕಿಯನ್ನೆಲ್ಲ ನೆನಪಿಸಿಕೊಂಡು ಬರುತ್ತದೆ,
ಮದುವೆ ಮುಗಿದ ಮರುದಿನದ ಪೆಂಡಾಲಿನವನ ಹಾಗೆ.

ಜನವರಿಯ ಕೊನೆಗೆ ನನ್ನ ಟೇಬಲ್ಲಿಗೆ ಪಾಳಿ.
“ಅಂದಾಜು ಹೇಳ್ರಿ, ಕೈಗೆ ಎಷ್ಟು ಬರತೈತಿ?”
ಜೀಪಿನ ದಸ್ತಗೀರ ತಂದ ವಿಮೆಯ ರಸೀದಿಗೆ
ಎಣ್ಣೆಯ ಹೆಬ್ಬೆರಳು.
ಸಿದ್ರಾಯ ಬಿರಾದಾರ ಮಾಸ್ತರ ತಂದದ್ದು ಮೂರು ಮಕ್ಕಳ ಫೀ.
ಇಬ್ಬರಿಗಷ್ಟೇ ರಿಯಾಯಿತಿ ಎಂದೆ.
ಮೂರನೆಯದನ್ನು ಮಡಚಿ ಮಡಚಿ ಕಿಸೆಗಿಟ್ಟ,
ಮಗಳನ್ನೇ ಮಡಚುವವನಂತೆ ಮೆಲ್ಲಗೆ.

ಉಮದಿ ದವಾಖಾನೆಯ ನೀಲಾಬಾಯಿ ಹೊನಮೋರೆ
ಎಲ್ಲರೂ ಹೋಗುವ ತನಕ
ನೀರಿನ ಮಡಕೆಯ ಹತ್ತಿರ ನಿಂತಿದ್ದಳು.

ಒಟ್ಟು ಅರವತ್ತೆರಡು ಸಾವಿರದ ನಾಲ್ಕುನೂರು.
ಪಿಂಚಣಿಗೆ ಐದು ಸಾವಿರದ ಎಂಟುನೂರ ಇಪ್ಪತ್ತೆರಡು,
ಗುಂಪು ವಿಮೆ ಮುನ್ನೂರ ಅರವತ್ತು,
ಪತಸಂಸ್ಥೆಯ ಸಾಲ ಏಳೂವರೆ ಸಾವಿರ,
ಮುಂಬೈಗೆ ಮುನ್ನೂರು,
ದಿಲ್ಲಿಗೆ ಒಂಬತ್ತು ಸಾವಿರದ ನಾಲ್ಕುನೂರು.
ನಿವ್ವಳ ಮೂವತ್ತೊಂಬತ್ತು ಸಾವಿರದ ಹದಿನೆಂಟು.

ನಿವ್ವಳ. ಚೀಟಿಯಲ್ಲಿ ಇದೊಂದು ಶಬ್ದ
ಎರಡೂ ಭಾಷೆಗೆ ಒಂದೇ.
ಆ ಕಡೆಯಿಂದ ಈ ಕಡೆ ತರುವಾಗ
ದಾರಿಯಲ್ಲಿ ಏನೂ ಕಡಿತವಾಗುವುದಿಲ್ಲ.

ಹದಿನೆಂಟು ರೂಪಾಯಿಯನ್ನು ಬೆರಳಿಂದ ಮುಚ್ಚಿ ನೋಡಿದಳು.
“ಅಣ್ಣಾರ, ಮನಿಯಿಂದ ಫೋನ್ ಬಂದ್ರ
ಮೂವತ್ತೇಳು ಅನ್ರಿ.
ಟ್ಯಾಕ್ಸ್ ಬಾಳ ಆಗೇದ, ದಿಲ್ಲಿಯವ್ರು ಬಿಡವಲ್ರು ಅನ್ರಿ.”
ಬ್ಯಾಂಕಿನ ಮೆಸೇಜು ಇವಳ ಮೊಬೈಲಿಗೆ, ನಗದು ಅವನ ಕೈಗೆ,
ನಡುವೆ ಇರುವವನು ನಾನೊಬ್ಬ.
ಏಕೆಂದು ಕೇಳಲಿಲ್ಲ.
ಲಸಿಕೆಯ ವಹಿಯೊಳಗಿಂದ
ಅಂಚೆ ಕಚೇರಿಯ ಪಾಸ್‌ಬುಕ್ಕಿನ ಮೂಲೆಯೊಂದು
ಇಣುಕುತ್ತಿತ್ತು.

ಫೋನು ಬಂತು. ಅಂದೆ.
ಗಂಡ ದಿಲ್ಲಿಯನ್ನು ಬೈದ, ಮೂರು ತಲೆಮಾರು ಬಿಡದೆ,
ಅಚ್ಚ ಉಮದಿಯ ಕನ್ನಡದಲ್ಲಿ.
ತಾನು ಕಣ್ಣಲ್ಲೂ ಕಾಣದ ಎರಡು ಸಾವಿರಕ್ಕೆ
ದಿಲ್ಲಿ ಬೈಸಿಕೊಂಡಿತು.
ಅಷ್ಟು ದೊಡ್ಡ ಊರು, ತಾಳಿಕೊಳ್ಳುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಕಾಶಿಬಾಯಿ ಕೇಳಿದಳು:
“ಈ ತಿಂಗಳು ಎಷ್ಟ್ರೀ?”
ಹನ್ನೊಂದು ವರ್ಷದಿಂದ ಅವಳಿಗೆ ನಾನು ಹೇಳುವುದು
ಬಾಲ ಕತ್ತರಿಸಿದ, ದುಂಡಗಿನ ಸಂಖ್ಯೆ.
ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡಳು.
ನೀರಿಗೆಂದು ಎದ್ದವನು ಹತ್ತಿರದಿಂದ ನೋಡಿದೆ:
ನಾನು ಹೇಳಿದ್ದಕ್ಕಿಂತ ಸಾವಿರ ಕಡಿಮೆ.

“ಮಜ್ಜಿಗಿ ಬೇಕೇನು?” ಎಂದಳು, ಮುಖ ನೋಡದೆ.
ತುಂಬು ಲೋಟ ಎಂದೆ.
ಮುಕ್ಕಾಲು ಬಂತು.